ಓಟ ತೋಟದೊಳಗೆ, ಅಪಾಯ ಊರ ರಸ್ತೆಯಲ್ಲಿ

ಮಳೆಗಾಲ ಹಿಂದೆ ಸರಿದು ಬೆಳಗಿನ ಮಂಜು ಕಣಿವೆಗಳಲ್ಲಿ ತಂಗತೊಡಗುವ ಕಾರ್ತಿಕ, ಮಾರ್ಗಶಿರದ ದಿನಗಳು ಚಿಕ್ಕಮಗಳೂರು ಸೀಮೆಯ ತೋಟಗಳಿಗೆ ಬಿಡುವಿಲ್ಲದ ಕಾಲ. ಅರೇಬಿಕಾ ಹಣ್ಣಿನ ಕೊಯ್ಲು ಆರಂಭವಾಗಿರುತ್ತದೆ. ಲೈನ್ ಮನೆಗಳಿಂದ, ಸುತ್ತಲಿನ ಹಳ್ಳಿಗಳಿಂದ ಹೊರಟ ಕೂಲಿಯಾಳುಗಳು ಡಾಂಬರಿನ ಅಂಚಿನಲ್ಲೇ ಸಾಲಾಗಿ ನಡೆದು ತೋಟ ಸೇರುತ್ತಾರೆ. ಸಂಜೆ ಹಣ್ಣಿನ ಮೂಟೆ ಹೇರಿಕೊಂಡ ಟ್ರ್ಯಾಕ್ಟರುಗಳು ನಿಧಾನವಾಗಿ ಏರು ಹತ್ತುತ್ತವೆ. ಶಾಲೆಯ ಮಕ್ಕಳು ಬಸ್ಸಿಗಾಗಿ ಕಾಯುವುದು ಬಹುಪಾಲು ಯಾವುದಾದರೊಂದು ತಿರುವಿನಲ್ಲಿಯೇ; ಬೆಟ್ಟದ ಊರುಗಳಲ್ಲಿ ತಿರುವಿಲ್ಲದ ಜಾಗ ಸಿಗುವುದು ಕಷ್ಟ.

ಕಾರು ರ‍್ಯಾಲಿಗಳು ಈ ಸೀಮೆಗೆ ಬಂದದ್ದೂ ಹಲವು ಬಾರಿ ಇದೇ ಋತುವಿನಲ್ಲಿ. 2017ರ ನವೆಂಬರಿನಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದದ್ದು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ. ರಾಷ್ಟ್ರೀಯ ಮಟ್ಟದ ಸ್ಪರ್ಧೆಗಳಿಗೂ ಈ ತೋಟಗಳು ಹೊಸವಲ್ಲ. ಸ್ಪರ್ಧೆಯ ಸುದ್ದಿ ಹರಡಿದೊಡನೆ ಬೆಂಗಳೂರು, ಮೈಸೂರು, ಮಂಗಳೂರು, ಕೊಯಮತ್ತೂರುಗಳಿಂದ ಕಾರು, ಬೈಕುಗಳಲ್ಲಿ ನೋಡುಗರು ಹೊರಡುತ್ತಾರೆ. ಒಂದು ಗುಂಪು ಬೇಲೂರು, ಕಡೂರುಗಳ ಕಡೆಯಿಂದ ಬಯಲು ದಾರಿಯಲ್ಲಿ ಬಂದರೆ, ಇನ್ನೊಂದು ಗುಂಪು ಚಾರ್ಮಾಡಿ ಅಥವಾ ಆಗುಂಬೆ ಘಟ್ಟ ಹತ್ತಿ ಬರುತ್ತದೆ. ಸ್ಪರ್ಧೆಯ ಕಾರುಗಳು ಕೆಲವು ಹತ್ತು; ಅವನ್ನು ನೋಡಬಂದವರ ವಾಹನಗಳು ಅದರ ಎಷ್ಟೋ ಪಟ್ಟು.

ರ‍್ಯಾಲಿಯ ಕುರಿತು ಮಲೆನಾಡಿನಲ್ಲಿ ಚರ್ಚೆಯಾಗುವುದು ಸಾಮಾನ್ಯವಾಗಿ ತೋಟದೊಳಗಿನ ಸದ್ದು, ಧೂಳುಗಳ ಬಗ್ಗೆ. ಆ ಚರ್ಚೆ ನಡೆಯಬೇಕಾದದ್ದೇ. ಆದರೆ ತೋಟದ ಗೇಟಿನ ಹೊರಗೆ, ಊರ ಜನ ನಿತ್ಯ ಬಳಸುವ ಕಿರಿದಾದ ರಸ್ತೆಯಲ್ಲಿ ಆ ಎರಡು ಮೂರು ದಿನ ಏನಾಗಬೇಕು, ಯಾವ ವಾಹನ ಎಲ್ಲಿ ನಿಲ್ಲಬೇಕು, ಯಾರಿಗೆ ಯಾರು ದಾರಿ ಬಿಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡುವ ಗೋಜಿಗೆ ಹೋಗುವವರು ಕಡಿಮೆ. ಅಪಾಯದ ದೊಡ್ಡ ಪಾಲು ಇರುವುದು ಅಲ್ಲಿಯೇ.

ಸ್ಪರ್ಧಿಗೆ ಇರುವ ಕಟ್ಟುಪಾಡು

ರ‍್ಯಾಲಿಯ ವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿ ತಿಳಿದರೆ ಈ ಮಾತು ಸ್ಪಷ್ಟವಾಗುತ್ತದೆ. ರ‍್ಯಾಲಿಯ ಮಾರ್ಗದಲ್ಲಿ ಎರಡು ಬಗೆಯ ಭಾಗಗಳಿರುತ್ತವೆ. ಒಂದು, ಸ್ಪೆಷಲ್ ಸ್ಟೇಜ್ ಎಂದು ಕರೆಯುವ ವೇಗದ ಹಂತ. ಇದು ಇತರ ಎಲ್ಲ ಸಂಚಾರಕ್ಕೂ ಮುಚ್ಚಿದ ದಾರಿ. ಸ್ಪರ್ಧಿಗಳಿಗಿಂತ ಮುಂಚೆ ಪರಿಶೀಲನೆಯ ಕಾರುಗಳು ಅದರಲ್ಲಿ ಸಾಗಿ ದಾರಿ ತೆರವಾಗಿದೆಯೇ ಎಂದು ನೋಡುತ್ತವೆ. ಅಲ್ಲಲ್ಲಿ ಮಾರ್ಷಲ್‌ಗಳು ನಿಂತಿರುತ್ತಾರೆ, ಆಂಬುಲೆನ್ಸ್ ಸಿದ್ಧವಿರುತ್ತದೆ. ಚಾಲಕ ಮತ್ತು ಸಹಚಾಲಕ ಹೆಲ್ಮೆಟ್ ಧರಿಸಿ, ಉಕ್ಕಿನ ಪಂಜರ ಅಳವಡಿಸಿದ ಕಾರಿನಲ್ಲಿ ಕುಳಿತಿರುತ್ತಾರೆ. ಮುಂದಿನ ತಿರುವು ಎಷ್ಟು ಬಿಗಿ ಎಂಬುದನ್ನು ಸಹಚಾಲಕ ಮೊದಲೇ ಬರೆದುಕೊಂಡ ಟಿಪ್ಪಣಿಯಿಂದ ಓದಿ ಹೇಳುತ್ತಿರುತ್ತಾನೆ.

ಇನ್ನೊಂದು ಭಾಗ, ಒಂದು ಹಂತದಿಂದ ಮತ್ತೊಂದು ಹಂತಕ್ಕೆ ಹೋಗುವ ಸಾರ್ವಜನಿಕ ರಸ್ತೆ. ಇಲ್ಲಿ ಸ್ಪರ್ಧಿಯೂ ಸಾಮಾನ್ಯ ಪ್ರಯಾಣಿಕನೇ. ಸಂಚಾರ ನಿಯಮಗಳೆಲ್ಲವೂ ಅವನಿಗೆ ಅನ್ವಯಿಸುತ್ತವೆ. ಮುರಿದರೆ ಸಂಘಟಕರಿಂದಲೂ ದಂಡನೆ ಉಂಟು. ಈ ದೂರವನ್ನು ಕ್ರಮಿಸಲು ಕೊಡುವ ಸಮಯವನ್ನು ನಿಯಮಬದ್ಧ ವೇಗದಲ್ಲೇ ತಲುಪುವಂತೆ ಲೆಕ್ಕ ಹಾಕಲಾಗಿರುತ್ತದೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಸಮಯ ತಪಾಸಣೆಯ ಠಾಣೆಗೆ ಒಂದು ನಿಮಿಷ ತಡವಾಗಿ ಬಂದವನಿಗೆ 10 ಸೆಕೆಂಡುಗಳ ದಂಡ. ಒಂದು ನಿಮಿಷ ಮುಂಚೆ ಬಂದವನಿಗೆ ಪೂರ್ತಿ ಒಂದು ನಿಮಿಷದ ದಂಡ. ಸಾರ್ವಜನಿಕ ರಸ್ತೆಯಲ್ಲಿ ಅವಸರ ಮಾಡಿದವನು ಸ್ಪರ್ಧೆಯಲ್ಲಿ ಹಿಂದೆ ಬೀಳಬೇಕು ಎಂಬ ವಿವೇಕ ಈ ನಿಯಮದಲ್ಲಿದೆ. ಸ್ಪರ್ಧೆಗೆ ಮುನ್ನ ದಾರಿ ಪರಿಚಯ ಮಾಡಿಕೊಳ್ಳುವ ಓಡಾಟಕ್ಕೂ ವೇಗದ ಮಿತಿಯುಂಟು.

ಆದರೆ ಮುಚ್ಚಿದ ದಾರಿಯಲ್ಲಿ ಕಂಡ ವೇಗವನ್ನು ಕಣ್ಣಲ್ಲಿ ತುಂಬಿಕೊಂಡು ಹೊರಬಂದ ನೋಡುಗನಿಗೆ ಈ ಯಾವ ಕಟ್ಟೂ ಇಲ್ಲ. ಅವನ ಕಾರಿಗೆ ಉಕ್ಕಿನ ಪಂಜರವಿಲ್ಲ, ಪಕ್ಕದಲ್ಲಿ ತಿರುವು ಓದಿ ಹೇಳುವವರಿಲ್ಲ, ಮುಂದಿನ ತಿರುವಿನಾಚೆ ಮಾರ್ಷಲ್ ಇಲ್ಲ. ಅಲ್ಲಿರುವುದು ಹುಲ್ಲಿನ ಹೊರೆ ಹೊತ್ತ ಹೆಂಗಸು, ಮೇವಿಗೆ ಬಿಟ್ಟ ಹಸು, ಏರಿ ಬರುತ್ತಿರುವ ಬಸ್ಸು. ಸ್ಪರ್ಧಿಯೇ ತಲೆಬಾಗುವ ನಿಯಮಕ್ಕೆ ಅವನ ಅಭಿಮಾನಿ ತಲೆಬಾಗದಿದ್ದರೆ ಆ ಅಭಿಮಾನಕ್ಕೆ ಬೆಲೆಯೇನು?

ಮುಚ್ಚಿದ ದಾರಿಯೂ ಪೂರ್ಣ ಸುರಕ್ಷಿತವಲ್ಲ ಎಂಬುದನ್ನು 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾರ್ಮೇರ್ ಜಿಲ್ಲೆಯ ದುರಂತ ತೋರಿಸಿತು. ರಾಷ್ಟ್ರೀಯ ರ‍್ಯಾಲಿಯೊಂದರ ಹಂತದೊಳಗೆ ಬೈಕಿನಲ್ಲಿ ಬಂದ ಒಂದೇ ಕುಟುಂಬದ ಮೂವರು ಸ್ಪರ್ಧೆಯ ಕಾರು ಬಡಿದು ಸತ್ತರು. ದಾರಿ ಮುಚ್ಚಿದೆ ಎಂಬ ಆದೇಶ ಕಾಗದದಲ್ಲಿದ್ದರೆ ಸಾಲದು. ಆ ದಾರಿಯ ಪಕ್ಕದಲ್ಲಿ ಬದುಕುವ ಪ್ರತಿಯೊಬ್ಬರಿಗೂ ಅದು ಮುಟ್ಟಬೇಕು, ಮತ್ತು ಅವರಿಗೆ ಹೋಗಿಬರಲು ಬದಲಿ ದಾರಿ ಇರಬೇಕು.

ಘಟ್ಟದ ರಸ್ತೆಯ ಧರ್ಮ

ಬಯಲುಸೀಮೆಯ ಹೆದ್ದಾರಿಯಲ್ಲಿ ಪಳಗಿದ ಕೈಗೆ ಘಟ್ಟದ ರಸ್ತೆಯ ರೀತಿ ತಾನಾಗಿ ತಿಳಿದಿರುವುದಿಲ್ಲ. ಮೊದಲನೆಯದು, ಏರುವ ವಾಹನಕ್ಕೆ ಇಳಿಯುವ ವಾಹನ ದಾರಿ ಬಿಡಬೇಕೆಂಬುದು. ಇದು ಹಳ್ಳಿಯ ಬಸ್ ಚಾಲಕರ ಸೌಜನ್ಯ ಮಾತ್ರವಲ್ಲ, ಕಾನೂನು. ಎರಡು ವಾಹನ ಸರಾಗವಾಗಿ ಹಾಯಲಾಗದ ಕಡಿದಾದ ರಸ್ತೆಯಲ್ಲಿ ಇಳಿಯುವವನು ಬದಿಗೆ ನಿಲ್ಲಿಸಬೇಕೆಂದು 1989ರ ರಸ್ತೆ ನಿಯಮಗಳೇ ಹೇಳಿದ್ದವು; ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಗಳಲ್ಲಿಯೂ ಆ ತತ್ತ್ವ ಉಳಿದಿದೆ. ಕಾರಣ ಸರಳ. ಭಾರ ಹೊತ್ತು ಏರುವ ಗಾಡಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಭಯ ಬೇರೆ.

ಎರಡನೆಯದು ಇಳಿಜಾರಿನ ಗೇರು. ಯಾವ ಗೇರಿನಲ್ಲಿ ಹತ್ತಿದ ದಾರಿಯೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಲಾರಿ ಚಾಲಕರ ಮಾತು. ಪೆಟ್ರೋಲು ಉಳಿಸಲು ನ್ಯೂಟ್ರಲ್‌ಗೆ ಹಾಕಿ, ಬ್ರೇಕೊಂದನ್ನೇ ನಂಬಿ ಇಳಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆಗುಂಬೆಯ 14 ಹಿಮ್ಮುರಿ ತಿರುವುಗಳಲ್ಲಿ ಅಂಥ ವಾಹನಕ್ಕೆ ಎರಡನೆಯ ಅವಕಾಶ ಸಿಗುವುದಿಲ್ಲ. ಮೂರನೆಯದು ದೀಪ. ದಟ್ಟ ಮಂಜಿನಲ್ಲಿ ಎತ್ತರದ ಬೆಳಕು ಹಾಕಿದರೆ ಮುಂದೆ ಕಾಣುವುದು ಬಿಳಿಯ ಗೋಡೆ ಮಾತ್ರ. ತಗ್ಗಿದ ಬೆಳಕೇ ದಾರಿ ತೋರುತ್ತದೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಿಸುತ್ತ ಓಡಿಸಿದರೆ ಆ ವಾಹನ ನಿಂತಿದೆಯೋ, ತಿರುಗುತ್ತಿದೆಯೋ ಹಿಂದಿನವರಿಗೆ ತಿಳಿಯದು.

ನಾಲ್ಕನೆಯದು ನಿಲುಗಡೆ. ತಿರುವಿನಲ್ಲಿ, ಮೋರಿಯ ಮೇಲೆ, ತೋಟದ ಗೇಟಿನೆದುರು, ಬಸ್ಸು ತಿರುಗಿಸುವ ಜಾಗದಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯುವುದು ನೋಡುಗನಿಗೆ ಐದು ನಿಮಿಷದ ಮಾತು. ಹೆರಿಗೆ ನೋವಿನ ಹೆಂಗಸನ್ನು ಜೀಪಿನಲ್ಲಿ ಮಲಗಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟವರಿಗೆ ಅದೇ ಐದು ನಿಮಿಷ ಬಹಳ ದೊಡ್ಡದು. ಐದನೆಯದು ಇರುಳು. ಮೂಡಿಗೆರೆ, ಚಿಕ್ಕಮಗಳೂರು ತಾಲ್ಲೂಕುಗಳ ತೋಟಗಳ ನಡುವೆ ಕಾಡಾನೆಗಳು ಓಡಾಡುತ್ತವೆ. ಅವುಗಳಿಂದ ಜೀವ ಕಳೆದುಕೊಂಡ ಕೂಲಿಕಾರರಿದ್ದಾರೆ. ಮಂಜಿನ ರಾತ್ರಿಯಲ್ಲಿ ಆನೆ ರಸ್ತೆಗೆ ಬಂದಾಗ ನಿಧಾನವಾಗಿ ಬರುವ ಚಾಲಕನಿಗೆ ಹಿಂದೆ ಸರಿಯಲು ಎಡೆಯಿರುತ್ತದೆ, ವೇಗದವನಿಗೆ ಇರುವುದಿಲ್ಲ. ಗಾಬರಿಗೊಂಡ ಆನೆಯ ಸಿಟ್ಟಿಗೆ ಮರುದಿನ ಬೆಳಿಗ್ಗೆ ಗುರಿಯಾಗುವವರು ನಡೆದುಹೋಗುವ ಆಳುಗಳು.

ಇನ್ನೊಂದು ಹಾನಿ ಕಣ್ಣಿಗೆ ಬೇಗ ಬೀಳದು. ಮುಳ್ಳಯ್ಯನಗಿರಿ, ಬಾಬಾಬುಡನ್ ಗಿರಿಶ್ರೇಣಿಯ ಹುಲ್ಲುಗಾವಲು ಮತ್ತು ಶೋಲೆ ಕಾಡುಗಳು ಮಳೆನೀರನ್ನು ಹಿಡಿದಿಟ್ಟು ಮೆಲ್ಲಗೆ ಬಿಡುವ ತೊಟ್ಟಿಗಳು. ಈ ಗಿರಿಗಳಲ್ಲಿ ಹುಟ್ಟುವ ವೇದಾ, ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ತುಂಬುತ್ತವೆ. ಹುಲ್ಲಿನ ಮೇಲೆ ಸಾಹಸಕ್ಕೆಂದು ಹತ್ತಿಸಿದ ಜೀಪಿನ ಗಾಲಿಯ ಗುರುತು ಮುಂದಿನ ಮಳೆಯಲ್ಲಿ ಕಾಲುವೆಯಾಗುತ್ತದೆ, ಅದರ ಮುಂದಿನ ಮಳೆಯಲ್ಲಿ ಕೊರಕಲಾಗುತ್ತದೆ. ಆದುದರಿಂದ ಡಾಂಬರು ಬಿಟ್ಟು ಇಳಿಯಬಾರದೆಂಬುದು ಸಹ ಇಲ್ಲಿನ ಚಾಲನಾ ನಿಯಮವೆಂದೇ ಎಣಿಸಬೇಕು.

ಕಾಯ್ದೆಯಲ್ಲಿ ದಾರಿ ಇದೆ

ಹೊಸ ಕಾನೂನಿಗಾಗಿ ಕಾಯುವ ಅಗತ್ಯವಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವೇಗದ ಪೈಪೋಟಿ ನಡೆಸುವುದು ಅಪರಾಧ. 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೆ 3 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೈಲೆನ್ಸರ್ ತಪ್ಪಿಸಿ ಹೊಗೆ ಬಿಟ್ಟು ಸದ್ದು ಮಾಡುವುದಕ್ಕೆ, ಅನವಶ್ಯಕವಾಗಿ ಹಾರನ್ ಬಾರಿಸುವುದಕ್ಕೆ ಕೇಂದ್ರ ಕಾಯ್ದೆಯಲ್ಲಿ 1,000 ರೂಪಾಯಿ, ಮರುಕಳಿಸಿದರೆ 2,000 ರೂಪಾಯಿ ದಂಡವಿದೆ. ಆಂಬುಲೆನ್ಸಿಗೆ ದಾರಿ ಬಿಡದವನಿಗೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ.

ಇದಕ್ಕಿಂತ ಹೆಚ್ಚು ಉಪಯುಕ್ತವಾದದ್ದು ಅದೇ ಕಾಯ್ದೆಯ 115ನೇ ಕಲಮು. ಸಾರ್ವಜನಿಕರ ಸುರಕ್ಷತೆ ಅಥವಾ ಅನುಕೂಲಕ್ಕಾಗಿ, ಇಲ್ಲವೇ ರಸ್ತೆಯ ಸ್ವರೂಪವನ್ನು ನೋಡಿ, ಒಂದು ಪ್ರದೇಶದಲ್ಲಿ ಅಥವಾ ಒಂದು ರಸ್ತೆಯಲ್ಲಿ ವಾಹನಗಳ ಓಡಾಟವನ್ನು ನಿರ್ಬಂಧಿಸುವ ಅಧಿಕಾರವನ್ನು ಅದು ಸರ್ಕಾರಕ್ಕೂ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೂ ನೀಡುತ್ತದೆ. ನಿರ್ಬಂಧ ಒಂದು ತಿಂಗಳಿಗೆ ಮೀರದಿದ್ದರೆ ರಾಜ್ಯಪತ್ರದಲ್ಲಿ ಪ್ರಕಟಿಸುವ ಅಗತ್ಯವೂ ಇಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು ಎಂದು ಕಲಮೇ ಹೇಳುತ್ತದೆ. ಅಂದರೆ ಮೂರು ದಿನದ ರ‍್ಯಾಲಿಗಾಗಿ ಮೂರು ದಿನದ ರಸ್ತೆ ನಿಯಮ ಮಾಡುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವಲ್ಲ.

ಇಂಥ ಕ್ರಮ ಈ ಜಿಲ್ಲೆಗೆ ಅಪರಿಚಿತವೂ ಅಲ್ಲ. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಘಟ್ಟದಲ್ಲಿ ಹಲವೆಡೆ ಗುಡ್ಡ ಕುಸಿದಾಗ ಸಂಚಾರ ನಿಲ್ಲಿಸಲಾಯಿತು, ಬಳಿಕ ಭಾರಿ ವಾಹನಗಳನ್ನು ದೂರವಿಟ್ಟು ಸಣ್ಣ ವಾಹನಗಳಿಗೆ ದಾರಿ ಬಿಡಲಾಯಿತು. ಮುಳ್ಳಯ್ಯನಗಿರಿಯ ಕಡೆ ಹೋಗುವ ಪ್ರವಾಸಿ ವಾಹನಗಳಿಗೆ 2025ರ ಸೆಪ್ಟೆಂಬರಿನಿಂದ ಮುಂಗಡ ನೋಂದಣಿ ಕಡ್ಡಾಯವಾಗಿ, ಒಂದು ಹೊತ್ತಿಗೆ ಇಷ್ಟೇ ವಾಹನವೆಂಬ ಮಿತಿ ಬಂತು. ಗುಡ್ಡ ಕುಸಿದ ಮೇಲೆ, ಗಿರಿ ತುಂಬಿ ತುಳುಕಿದ ಮೇಲೆ ನಿಯಮ ಮಾಡಬಲ್ಲ ಆಡಳಿತ, ದಿನಾಂಕ ಮೊದಲೇ ಗೊತ್ತಿರುವ ಸ್ಪರ್ಧೆಗೆ ಮುಂಚಿತವಾಗಿ ಏಕೆ ಮಾಡಬಾರದು?

ಒಂದು ದ್ವೀಪದ ಅನುಭವ

ರಸ್ತೆಯ ಮೇಲಿನ ಸ್ಪರ್ಧೆಯೊಡನೆ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಒಂದು ಊರಿನ ಅನುಭವ ಇಲ್ಲಿ ನೆರವಾಗಬಹುದು. ಬ್ರಿಟನ್ ಮತ್ತು ಐರ್ಲೆಂಡ್‌ಗಳ ನಡುವಿನ ಸಮುದ್ರದಲ್ಲಿ ಐಲ್ ಆಫ್ ಮ್ಯಾನ್ ಎಂಬ ಪುಟ್ಟ ದ್ವೀಪವಿದೆ. ಜನಸಂಖ್ಯೆ 84 ಸಾವಿರದಷ್ಟು. ಬ್ರಿಟನ್ನಿನಲ್ಲಿ ಗಂಟೆಗೆ 20 ಮೈಲಿಯ ವೇಗಮಿತಿಯಿದ್ದ ಕಾಲದಲ್ಲಿ, 1904ರಲ್ಲಿ, ಈ ದ್ವೀಪ ತನ್ನದೇ ಕಾನೂನು ಮಾಡಿ ಮೋಟಾರು ಸ್ಪರ್ಧೆಗಾಗಿ ಸಾರ್ವಜನಿಕ ರಸ್ತೆಗಳನ್ನು ಮುಚ್ಚಲು ಅವಕಾಶ ಕೊಟ್ಟಿತು. ಅಲ್ಲಿನ ಪ್ರಸಿದ್ಧ ಟಿ.ಟಿ. ಬೈಕ್ ಸ್ಪರ್ಧೆ 1907ರಲ್ಲಿ ಆರಂಭವಾಗಿ, 1911ರಿಂದ ಬೆಟ್ಟದ ರಸ್ತೆಗೆ ಬಂತು. ಈಗಿನ ಸುತ್ತು 60.7 ಕಿಲೋಮೀಟರ್, ಊರು, ಹೊಲ, ಸ್ನೇಫೆಲ್ ಬೆಟ್ಟದ ಮೈ, ಎಲ್ಲವನ್ನೂ ಹಾದು ಹೋಗುತ್ತದೆ.

ಆ ದ್ವೀಪದಲ್ಲಿ ಊರ ಹೊರಗಿನ ರಸ್ತೆಗಳಿಗೆ ಸಾರ್ವತ್ರಿಕ ವೇಗಮಿತಿಯೇ ಇಲ್ಲ. ಇದನ್ನು ಕೇಳಿ ಹಡಗಿನಲ್ಲಿ ಬೈಕು ಹೇರಿಕೊಂಡು ಬರುವ ಸಾವಿರಾರು ಪ್ರೇಕ್ಷಕರು ಸ್ಪರ್ಧೆ ಇಲ್ಲದ ಹೊತ್ತಿನಲ್ಲಿ ತಾವೇ ಆ ಸುತ್ತಿನಲ್ಲಿ ಓಡಿಸುತ್ತಾರೆ. ಸ್ಪರ್ಧೆಯ ನಡುವಿನ ಒಂದು ಭಾನುವಾರಕ್ಕೆ ಇದರಿಂದಾಗಿ ಹುಚ್ಚು ಭಾನುವಾರವೆಂಬ ಅಡ್ಡಹೆಸರೇ ಬಿದ್ದಿದೆ. ಇದಕ್ಕೆ ದ್ವೀಪದ ಆಡಳಿತ ಕಂಡುಕೊಂಡ ಉತ್ತರಗಳಲ್ಲಿ ಮುಖ್ಯವಾದದ್ದು, ಸ್ಪರ್ಧೆಯ ದಿನಗಳ ಉದ್ದಕ್ಕೂ ಬೆಟ್ಟದ ರಸ್ತೆಯನ್ನು ಏಕಮುಖ ಸಂಚಾರದ ದಾರಿಯನ್ನಾಗಿ ಮಾಡುವುದು. ಎದುರಿನಿಂದ ಬರುವ ವಾಹನವೇ ಇಲ್ಲದಿದ್ದರೆ ಮುಖಾಮುಖಿ ಡಿಕ್ಕಿಯ ಪ್ರಮೇಯ ಕಡಿಮೆಯಾಗುತ್ತದೆ. ಯಾವ ದಿನ ಯಾವ ಗಂಟೆಯಿಂದ ಯಾವ ರಸ್ತೆ ಮುಚ್ಚುತ್ತದೆ ಎಂಬ ಪಟ್ಟಿ ಮುಂಚಿತವಾಗಿ ಪ್ರಕಟವಾಗುತ್ತದೆ. ಊರ ಬೀದಿಗಳಲ್ಲಿ ವೇಗಮಿತಿ ಇದ್ದೇ ಇರುತ್ತದೆ.

ಹಾಗೆಂದು ಆ ದ್ವೀಪ ಅನುಕರಣೀಯವೆಂದಲ್ಲ. ಅಲ್ಲಿ ಸ್ಪರ್ಧಿಗಳ ಸಾವು ಹೊಸತಲ್ಲ. ಮಲೆನಾಡಿಗೆ ಅಂಥ ಹಬ್ಬ ಬೇಕಾಗಿಲ್ಲ. ಆದರೆ ಮೋಟಾರು ಸ್ಪರ್ಧೆಯನ್ನೇ ಹೆಮ್ಮೆಯೆಂದು ಭಾವಿಸಿದ ಊರು ಸಹ ನೋಡಬಂದವರ ಚಾಲನೆಗೆ ಪ್ರತ್ಯೇಕ ಕಟ್ಟು ಹಾಕಬೇಕಾಯಿತು ಎಂಬುದು ಗಮನಿಸಬೇಕಾದ ಸಂಗತಿ.

ಗ್ರಾಮಸಭೆ ಕೇಳಬೇಕಾದದ್ದು

ರ‍್ಯಾಲಿಯಿಂದ ಊರಿಗೆ ಲಾಭವಿಲ್ಲವೆಂದು ಹೇಳಲಾಗದು. ಹೋಂಸ್ಟೇ, ಹೋಟೆಲು, ಪಂಚರ್ ಅಂಗಡಿಗಳಿಗೆ ಆ ದಿನಗಳಲ್ಲಿ ವ್ಯಾಪಾರ ಹೆಚ್ಚುತ್ತದೆ. ಊರಿನ ಯುವಕರಲ್ಲಿ ಈ ಕ್ರೀಡೆಯ ಬಗ್ಗೆ ನಿಜವಾದ ಪ್ರೀತಿಯಿದೆ. ಮಲೆನಾಡಿನ ಮಣ್ಣುದಾರಿಯಲ್ಲಿ ಕಲಿತು ರಾಷ್ಟ್ರಮಟ್ಟಕ್ಕೆ ಹೋದವರೂ ಇದ್ದಾರೆ. ತಪ್ಪೆಲ್ಲ ಹೊರಗಿನವರದೆಂದು ಹೇಳುವುದೂ ನ್ಯಾಯವಲ್ಲ. ಸರಕು ಪಿಕಪ್‌ನಲ್ಲಿ ಆಳುಗಳನ್ನು ನಿಲ್ಲಿಸಿಕೊಂಡು ಹೋಗುವುದು, ಒಂದೇ ಬೈಕಿನಲ್ಲಿ ಮೂವರು ಕೂರುವುದು, ಪರಿಚಿತ ತಿರುವೆಂದು ಬಲಬದಿಗೆ ಹೊರಳುವುದು ಊರಿನವರದೇ ಅಭ್ಯಾಸ. ಅತಿಥಿಗೆ ನಿಯಮ ಹೇಳುವ ಮುನ್ನ ಮನೆಯವರು ಅದನ್ನು ಪಾಲಿಸಬೇಕು.

ಇಷ್ಟನ್ನು ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸ್ಪರ್ಧೆಗೆ ಅನುಮತಿ ಕೊಡುವ ಮೇಜಿನ ಮುಂದೆ ಸಂಘಟಕರು ಇರುತ್ತಾರೆ, ಪೊಲೀಸರು ಇರುತ್ತಾರೆ, ತೋಟದ ಮಾಲೀಕರು ಇರುತ್ತಾರೆ. ಆ ರಸ್ತೆಯಲ್ಲಿ ನಡೆದುಹೋಗುವವರ ಪರವಾಗಿ ಯಾರಿರುತ್ತಾರೆ? ಮಾರ್ಗದ ಸುತ್ತಲಿನ ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ವಿಷಯವನ್ನು ಚರ್ಚಿಸಿ, ಅನುಮತಿ ಪತ್ರದಲ್ಲಿಯೇ ಈ ಷರತ್ತುಗಳು ಸೇರಬೇಕೆಂದು ಜಿಲ್ಲಾಡಳಿತವನ್ನು ಲಿಖಿತವಾಗಿ ಕೇಳಬಹುದು:

ಸ್ಪರ್ಧೆಗೆ ಕನಿಷ್ಠ 15 ದಿನ ಮೊದಲು, ಯಾವ ದಾರಿ ಯಾವಾಗ ಮುಚ್ಚುತ್ತದೆ ಎಂಬ ಕನ್ನಡದ ಪ್ರಕಟಣೆ ಪಂಚಾಯಿತಿ ಕಚೇರಿ, ಶಾಲೆ, ಬಸ್ ನಿಲ್ದಾಣ, ಪಡಿತರ ಅಂಗಡಿ ಮತ್ತು ಲೈನ್ ಮನೆಗಳಲ್ಲಿ ಅಂಟಿಸಲ್ಪಡಬೇಕು. ಓದಲು ಬಾರದವರಿಗಾಗಿ ತೋಟದ ರೈಟರುಗಳು ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಮಾತಿನಲ್ಲಿಯೂ ತಿಳಿಸಬೇಕು.

ಎರಡು ಕಾರು ಹಾಯಲಾಗದ ಸಂಪರ್ಕ ರಸ್ತೆಗಳನ್ನು ಆ ದಿನಗಳ ಮಟ್ಟಿಗೆ ಏಕಮುಖವಾಗಿಸಬೇಕು. ಬಸ್ಸು, ಆಂಬುಲೆನ್ಸ್ ಮತ್ತು ಸ್ಥಳೀಯರ ವಾಹನಗಳಿಗೆ ವಿನಾಯಿತಿಯ ಕ್ರಮ ಸ್ಪಷ್ಟವಾಗಿರಬೇಕು.

ಆಳುಗಳು ಕೆಲಸಕ್ಕೆ ಹೋಗಿಬರುವ ಮತ್ತು ಶಾಲೆ ಆರಂಭವಾಗಿ ಬಿಡುವ ಹೊತ್ತಿನಲ್ಲಿ ನೋಡುಗರ ವಾಹನಗಳನ್ನು ಆ ರಸ್ತೆಗಳಿಗೆ ಬಿಡಬಾರದು.

ನಿಲುಗಡೆಗೆ ಬಯಲು ಜಾಗವನ್ನು ಊರಿನ ಹೊರಗೆ ಗೊತ್ತುಮಾಡಿ, ಅಲ್ಲಿಂದ ಸ್ಪರ್ಧೆಯ ಜಾಗಕ್ಕೆ ಸಂಘಟಕರೇ ಬಸ್ಸಿನ ಏರ್ಪಾಡು ಮಾಡಬೇಕು. ನೂರು ಕಾರುಗಳ ಜನ ಹತ್ತಾರು ಬಸ್ಸಿನಲ್ಲಿ ಹಿಡಿಸುತ್ತಾರೆ.

ನೋಡುಗರಿಗೆ ಕೊಡುವ ಕೈಪಿಡಿಯ ಮೊದಲ ಪುಟದಲ್ಲಿ ಘಟ್ಟದ ರಸ್ತೆಯ ನಿಯಮಗಳು ಕನ್ನಡ, ಇಂಗ್ಲಿಷ್, ತಮಿಳು, ಮಲಯಾಳಂಗಳಲ್ಲಿರಬೇಕು. ಸ್ಪರ್ಧಿಗೂ ಸಾರ್ವಜನಿಕ ರಸ್ತೆಯಲ್ಲಿ ವೇಗದ ಮಿತಿಯುಂಟು, ಮುಂಚೆ ತಲುಪಿದರೆ ದಂಡವುಂಟು ಎಂಬ ಮಾತನ್ನು ಅಲ್ಲಿಯೇ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಿದರೆ ಉಪದೇಶಕ್ಕಿಂತ ಅದು ಹೆಚ್ಚು ನಾಟುತ್ತದೆ.

ರಸ್ತೆ, ಮೋರಿ, ಬೇಲಿಗಳಿಗೆ ಆಗುವ ಹಾನಿಗೆ ಮತ್ತು ಉಳಿಯುವ ಕಸ, ಬಾಟಲಿಗಳ ತೆರವಿಗೆ ಸಂಘಟಕರು ಪಂಚಾಯಿತಿಯಲ್ಲಿ ಮುಂಗಡ ಠೇವಣಿ ಇಡಬೇಕು. ಒಡೆದ ಬಾಟಲಿಯ ಚೂರು ತಿಂಗಳ ನಂತರ ಹೊಕ್ಕುವುದು ಕಳೆ ತೆಗೆಯುವವರ ಕಾಲಿಗೆ.

ಇದರಲ್ಲಿ ವಿದ್ಯಾರ್ಥಿಗಳಿಗೂ ಪಾತ್ರವಿದೆ. ರ‍್ಯಾಲಿಯ ಒಂದು ವಾರ ಮೊದಲು ಮತ್ತು ರ‍್ಯಾಲಿಯ ದಿನ, ಒಂದೇ ಹೊತ್ತಿನಲ್ಲಿ, ಊರ ತಿರುವೊಂದರಲ್ಲಿ ಸುರಕ್ಷಿತ ದೂರದಲ್ಲಿ ನಿಂತು ಹಾದುಹೋಗುವ ವಾಹನಗಳನ್ನು ಎಣಿಸಿ ಬರೆದಿಡಬಹುದು. ರಸ್ತೆಯಲ್ಲಿ ಸತ್ತುಬಿದ್ದ ಹಾವು, ಕಪ್ಪೆ, ಕೆಂಜಳಿಲುಗಳ ಲೆಕ್ಕವನ್ನೂ ಸೇರಿಸಬಹುದು. ಗ್ರಾಮಸಭೆಯಲ್ಲಿ ಇಂಥ ಒಂದು ನೋಟ್‌ಬುಕ್ಕು ಗಂಟೆಗಟ್ಟಲೆಯ ಭಾಷಣಕ್ಕಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಮಲೆನಾಡಿನ ಜನ ಬಂದವರನ್ನು ಬೇಡವೆಂದವರಲ್ಲ. ಬೆಟ್ಟದ ಮನೆಗಳಲ್ಲಿ ದಾರಿಹೋಕರಿಗೆ ಮಜ್ಜಿಗೆ, ಬೆಲ್ಲ, ನೀರು ಕೊಟ್ಟು ಕಳಿಸುವುದು ಹಳೆಯ ರೂಢಿ. ಆದರೆ ಆ ದಾರಿಹೋಕನೂ ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ಮೇಲೆ ಬರುತ್ತಿದ್ದ. ಮನೆಯ ರೀತಿಯನ್ನು ಮನೆಯವರೇ ಹೇಳಬೇಕು, ಬಂದವನು ಕೇಳಬೇಕು. ಮುಂದಿನ ಬಾರಿ ಸ್ಪರ್ಧೆಯ ದಿನಾಂಕ ಗೊತ್ತಾದಾಗ, ಹೋಂಸ್ಟೇಗಳ ಕೋಣೆಗಳು ಕಾಯ್ದಿರಿಸಲ್ಪಡುವ ಮೊದಲೇ, ರಸ್ತೆಯ ರೀತಿ ಏನೆಂಬುದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿರಲಿ.